ವ್ಯಸನವಿರುವ ವ್ಯಕ್ತಿಯ ಬಗ್ಗೆ ನ್ಯಾಯಾಲಯಕ್ಕೆ ಬರೆಯುವುದು ಹೇಗೆ: ಕರಡಿನಿಂದ ಆದೇಶದವರೆಗೆ ಸಮಗ್ರ ಮಾರ್ಗದರ್ಶಿ

ಜೀವನಾಂಶದ ಅರ್ಜಿ, ಜಾಮೀನು ಅರ್ಜಿ, ಮಗುವಿನ ಸುಪರ್ದಿನ ಅರ್ಜಿ, ಠಾಣೆಗೆ ಕೊಡುವ ದೂರು ಇವುಗಳಲ್ಲಿ ಕುಡಿತದ ಅಥವಾ ಮಾದಕ ವಸ್ತುವಿನ ಮಾತು ಬಂದ ಕೂಡಲೇ ಬರವಣಿಗೆ ಹಳಿ ತಪ್ಪುತ್ತದೆ. ‘ಕುಡುಕ’ ಎಂದು ಬರೆದವರಿಗೆ ಗೌರವದಿಂದ ಬರೆಯಿರಿ ಎಂದರೆ ‘ಮದ್ಯವ್ಯಸನಿ’ ಎಂದು ತಿದ್ದಿ ತರುತ್ತಾರೆ. ಅದೂ ಹಣೆಪಟ್ಟಿಯೇ ಎಂದು ಹೇಳಿದರೆ, ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆಯೂ ಪದ ಬದಲಿಸಿಬಿಡುತ್ತಾರೆ. ಆಗ ಸಾಕ್ಷಿಯ ಹೇಳಿಕೆಯಲ್ಲಿದ್ದ ಪದವೂ ಕಾಯ್ದೆಯ ಕಲಮಿನಲ್ಲಿದ್ದ ಪದವೂ ಬದಲಾಗಿ ದಾಖಲೆಯೇ ಕೆಡುತ್ತದೆ. ಇನ್ನು ಕೆಲವರು ಹೆದರಿ ಎಲ್ಲವನ್ನೂ ಮೆತ್ತಗೆ ಬರೆದು, ಹೊಡೆತ ತಿಂದ ಹೆಂಡತಿಯ ದೂರಿನಿಂದ ಹೊಡೆತವನ್ನೇ ಕಾಣೆ ಮಾಡುತ್ತಾರೆ.

ಈ ಮೂರೂ ತಪ್ಪುಗಳ ಬೇರು ಒಂದೇ: ಪದದಿಂದ ಕೆಲಸ ಆರಂಭಿಸುವುದು. ಪದದ ಆಯ್ಕೆ ನಾಲ್ಕನೆಯ ಹಂತದ ಕೆಲಸ. ಸಂಗತಿಗಳು ಬಿಡಿಬಿಡಿಯಾಗಿ, ವೈದ್ಯಕೀಯ ಸ್ಥಿತಿ ಸ್ಪಷ್ಟವಾಗಿ ನಿಮ್ಮ ಮುಂದೆ ಇದ್ದರೆ ಗೌರವದ ಪದ ತಾನಾಗಿ ಸಿಗುತ್ತದೆ. ಅವು ಇಲ್ಲದಿದ್ದರೆ ಎಂಥ ಒಳ್ಳೆಯ ಪದ ಹಾಕಿದರೂ ಅದು ಬಣ್ಣ ಬಳಿದಂತಾಗುತ್ತದೆ. ವಕೀಲರು, ಗುಮಾಸ್ತರು, ಅರೆಕಾನೂನು ಸ್ವಯಂಸೇವಕರು, ಠಾಣೆಯಲ್ಲಿ ದೂರು ಬರೆದುಕೊಳ್ಳುವವರು, ತಮ್ಮ ಅರ್ಜಿಯನ್ನು ತಾವೇ ಬರೆಯುವವರು, ಎಲ್ಲರಿಗೂ ಕ್ರಮ ಇದೇ.

ಕೈಯಲ್ಲಿ ಇರಬೇಕಾದವು

ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ಹೊರರೋಗಿ ಚೀಟಿಗಳು, ಪರೀಕ್ಷಾ ವರದಿಗಳು, ನೀವು ಆಧರಿಸುವ ಕಾಯ್ದೆಯ ಅಧಿಕೃತ ಪಠ್ಯ, ತಾರೀಖಿನ ಕ್ರಮದಲ್ಲಿ ಬರೆದ ಘಟನೆಗಳ ಪಟ್ಟಿ. ಈ ಪಟ್ಟಿ ಇಲ್ಲದೆ ಕರಡಿಗೆ ಕೈ ಹಾಕಬೇಡಿ. ಕಕ್ಷಿದಾರರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡ ಒಂದು ಹಾಳೆಯೂ ಇರಲಿ. ಅದು ಕರಡಲ್ಲ, ಕಚ್ಚಾ ಸಾಮಗ್ರಿ. ಎರಡನ್ನೂ ಒಂದೇ ಕಡತದಲ್ಲಿ ಬೆರೆಸಿದರೆ ಅವರ ಸಿಟ್ಟಿನ ಮಾತು ನಿಮ್ಮ ವಾದದ ಮಾತಾಗಿ ನ್ಯಾಯಾಲಯ ತಲುಪುತ್ತದೆ.

ಹಂತ 1: ವ್ಯಸನದ ಪ್ರಸ್ತಾಪ ಬೇಕೇ ಎಂದು ತೀರ್ಮಾನಿಸಿ

ಮೊದಲ ಪ್ರಶ್ನೆ: ಈ ಪ್ರಕರಣದಲ್ಲಿ ನ್ಯಾಯಾಲಯ ತೀರ್ಮಾನಿಸಬೇಕಾದ ವಿಷಯಕ್ಕೂ ವ್ಯಸನಕ್ಕೂ ಸಂಬಂಧ ಇದೆಯೇ? ಪಾಲು ದಾವೆಯಲ್ಲಿ ಅಣ್ಣ ಕುಡಿಯುತ್ತಾರೆ ಎಂಬ ಕಾರಣಕ್ಕೆ ಅವರ ಪಾಲು ಒಂದು ಗುಂಟೆಯೂ ಕಡಿಮೆಯಾಗುವುದಿಲ್ಲ. ಆದರೂ ವಾದಪತ್ರದ ಎರಡನೆಯ ಪ್ಯಾರಾದಲ್ಲೇ ಅದು ಬಂದು ಕೂತಿರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 16ರ ಪ್ರಕಾರ ಅನಗತ್ಯವಾದ ಅಥವಾ ಮಾನಹಾನಿಕರವಾದ ಮಾತುಗಳನ್ನು ವಾದಪತ್ರದಿಂದ ಹೊಡೆದುಹಾಕಲು ನ್ಯಾಯಾಲಯ ಯಾವ ಹಂತದಲ್ಲಾದರೂ ಆದೇಶಿಸಬಹುದು. ಬೇಡದ ಕಡೆ ಬರೆದ ‘ಕುಡುಕ’ ಎಂಬ ಒಂದು ಪದ ಎದುರು ಪಕ್ಷಕ್ಕೆ ಒಂದು ಅರ್ಜಿಯ ಅವಕಾಶ ಕೊಡುತ್ತದೆ, ನಿಮಗೆ ಒಂದು ವಾಯಿದೆ ನಷ್ಟವಾಗುತ್ತದೆ.

ಉಯಿಲಿನ ಪ್ರಕರಣವನ್ನು ನೋಡಿ. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ ಕಲಂ 59ರ ವಿವರಣೆಯಲ್ಲಿ ಅಮಲಿನ ಪ್ರಸ್ತಾಪವಿದೆ. ಆದರೆ ಅದು ಕೇಳುವುದು ಉಯಿಲು ಬರೆದ ಹೊತ್ತಿನಲ್ಲಿ ಆ ವ್ಯಕ್ತಿಗೆ ತಾನು ಮಾಡುತ್ತಿರುವುದರ ಅರಿವು ಇತ್ತೇ ಎಂದು. ಇಪ್ಪತ್ತು ವರ್ಷ ಕುಡಿದವರು ಎಂಬ ವರ್ಣನೆಯಿಂದ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ ದಿನದ ಸಂಗತಿ ಬೇಕು.

ಕ್ರಿಮಿನಲ್ ಪ್ರಕರಣಗಳಲ್ಲೂ ಇದೇ ಎಚ್ಚರ ಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 49ರಂತೆ ಆರೋಪಿಯ ಹಿಂದಿನ ಕೆಟ್ಟ ನಡತೆ, ಅವರ ಕಡೆಯಿಂದಲೇ ಒಳ್ಳೆಯ ನಡತೆಯ ಸಾಕ್ಷ್ಯ ಬಂದ ಹೊರತು, ಪ್ರಸ್ತುತವಾಗುವುದಿಲ್ಲ. ಆ ನಡತೆಯೇ ತೀರ್ಮಾನವಾಗಬೇಕಾದ ವಿಷಯವಾಗಿದ್ದರೆ ಮಾತು ಬೇರೆ. ದೋಷಾರೋಪ ಪಟ್ಟಿಯಲ್ಲಿ ‘ದುಶ್ಚಟಗಳಿಗೆ ದಾಸನಾದ ಆರೋಪಿಯು’ ಎಂದು ಆರಂಭವಾಗುವ ವಾಕ್ಯ ಹೆಚ್ಚಿನ ಸಲ ಕೇವಲ ನಡತೆಯ ಮೇಲಿನ ತೀರ್ಪು, ಅಪರಾಧದ ಅಂಶವಲ್ಲ.

ಸಂಬಂಧ ಇಲ್ಲ ಎಂದಾದರೆ ಕೆಲಸ ಇಲ್ಲಿಗೇ ಮುಗಿಯಿತು. ಆ ಮಾತನ್ನು ಪೂರ್ತಿ ಬಿಡಿ.

ಹಂತ 2: ಘಟನೆಯನ್ನು ಹಣೆಪಟ್ಟಿಯಿಂದ ಬಿಡಿಸಿ

ಅತಿ ಹೆಚ್ಚು ಮಂದಿ ಸೋಲುವುದು ಈ ಹಂತದಲ್ಲಿ. ಇದಕ್ಕೆ ಸಮಯ ಕೊಡಿ. ಸಾಮಾನ್ಯವಾಗಿ ಕಾಣುವ ಒಂದು ಪ್ಯಾರಾ ಹೀಗಿರುತ್ತದೆ:

‘ಎದುರುದಾರನು ಮಹಾ ಕುಡುಕನಾಗಿದ್ದು, ದುಶ್ಚಟಗಳ ದಾಸನಾಗಿ, ಸದಾ ಕುಡಿದು ಬಂದು ಅರ್ಜಿದಾರಳಿಗೆ ದೈಹಿಕ ಮತ್ತು ಮಾನಸಿಕ ಹಿಂಸೆ ನೀಡುತ್ತಾ, ಸಂಸಾರವನ್ನು ಬೀದಿಪಾಲು ಮಾಡಿರುತ್ತಾನೆ.’

ಇದರಲ್ಲಿ ನ್ಯಾಯಾಲಯ ಹಿಡಿದುಕೊಳ್ಳಬಹುದಾದ ಒಂದೇ ಒಂದು ಸಂಗತಿಯೂ ಇಲ್ಲ. ತಾರೀಖಿಲ್ಲ, ಜಾಗವಿಲ್ಲ, ಗಾಯವಿಲ್ಲ. ಇದನ್ನು ‘ಎದುರುದಾರರು ಮದ್ಯ ವ್ಯಸನವಿರುವ ವ್ಯಕ್ತಿಯಾಗಿದ್ದು’ ಎಂದು ತಿದ್ದಿದರೂ ಉಳಿದ ಟೊಳ್ಳು ಹಾಗೆಯೇ ಇರುತ್ತದೆ. ಈಗ ಅದೇ ಪ್ಯಾರಾವನ್ನು ಘಟನೆಗಳಾಗಿ ಬಿಡಿಸಿದ ಒಂದು ಕಲ್ಪಿತ ಮಾದರಿ:

‘2024ರ ಮಾರ್ಚ್ 9ರಂದು ರಾತ್ರಿ ಸುಮಾರು 10 ಗಂಟೆಗೆ ಎದುರುದಾರರು ಮದ್ಯ ಸೇವಿಸಿ ಮನೆಗೆ ಬಂದರು. ಅಡುಗೆಮನೆಯಲ್ಲಿದ್ದ ಅರ್ಜಿದಾರರ ಬಲಗೈ ತಿರುಚಿ, ಅವರನ್ನು ಗೋಡೆಗೆ ತಳ್ಳಿದರು. ಮರುದಿನ ಅರ್ಜಿದಾರರು ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರು. ಗಾಯದ ಪ್ರಮಾಣಪತ್ರವನ್ನು ದಾಖಲೆ 4 ಆಗಿ ಲಗತ್ತಿಸಲಾಗಿದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಎದುರುದಾರರು ಮನೆಖರ್ಚಿಗೆ ಹಣ ಕೊಟ್ಟಿಲ್ಲ. ಆ ಐದೂ ತಿಂಗಳು ಅವರ ಸಂಬಳ ಬ್ಯಾಂಕ್ ಖಾತೆಗೆ ಜಮೆಯಾಗಿದೆ.’

ವ್ಯಸನ ಎಂಬ ಪದವೇ ಇಲ್ಲಿ ಬಂದಿಲ್ಲ, ಆದರೂ ಆರೋಪ ಮೊದಲಿಗಿಂತ ಗಟ್ಟಿಯಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144ರ ಅಡಿ ಜೀವನಾಂಶ ಕೇಳುವವರು ತೋರಿಸಬೇಕಾದದ್ದು ಎದುರುದಾರರಿಗೆ ಸಾಕಷ್ಟು ಆದಾಯವಿದ್ದೂ ಪೋಷಣೆಯನ್ನು ನಿರ್ಲಕ್ಷಿಸಿದರು ಎಂಬುದನ್ನು. ಸಂಬಳದ ಒಂದು ಸಾಲು ಅದನ್ನು ಹೇಳುತ್ತದೆ. ವಿಚ್ಛೇದನದಲ್ಲೂ ಹಾಗೆಯೇ: ಹಿಂದೂ ವಿವಾಹ ಕಾಯ್ದೆಯ ಕಲಂ 13ರಲ್ಲಿ ಕುಡಿತ ಪ್ರತ್ಯೇಕ ಕಾರಣವಾಗಿ ಇಲ್ಲ. ಇರುವುದು ಕ್ರೌರ್ಯ, ಮತ್ತು ಕ್ರೌರ್ಯವನ್ನು ಘಟನೆಗಳಿಂದಲೇ ಸಾಬೀತುಪಡಿಸಬೇಕು.

ಎರಡು ಸಂಗತಿಗಳ ನಡುವೆ ‘ಆದ್ದರಿಂದ’ ಹಾಕುವಾಗ ಬಹಳ ಹುಷಾರಾಗಿರಿ. ‘ವ್ಯಸನದಿಂದಾಗಿ ಹೊಡೆದರು’ ಎಂಬ ವಾಕ್ಯ ಎರಡು ಕಡೆಯೂ ಕೆಟ್ಟದ್ದು. ಹೊಡೆದವರಿಗೆ ಅದು ನೆಪ ಒದಗಿಸುತ್ತದೆ, ಯಾರಿಗೂ ಕೈ ಎತ್ತದೆ ವ್ಯಸನದೊಂದಿಗೆ ಬದುಕುತ್ತಿರುವ ಎಷ್ಟೋ ಜನರನ್ನು ಹಿಂಸೆಯವರೆಂದು ಗುರುತಿಸುತ್ತದೆ. ಕಾನೂನು ಕೂಡ ಈ ನೆಪವನ್ನು ಸುಲಭವಾಗಿ ಒಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 24ರ ಪ್ರಕಾರ, ನಿರ್ದಿಷ್ಟ ಅರಿವು ಅಥವಾ ಉದ್ದೇಶ ಬೇಕಾದ ಅಪರಾಧಗಳಲ್ಲಿ, ತಾನಾಗಿ ಕುಡಿದವರಿಗೆ ಕುಡಿಯದಿದ್ದರೆ ಇರುತ್ತಿದ್ದ ಅರಿವೇ ಇತ್ತೆಂದು ಎಣಿಸಲಾಗುತ್ತದೆ. ಆದ್ದರಿಂದ ಹೊಡೆತವನ್ನು ಹೊಡೆತ ಎಂದೇ ಬರೆಯಿರಿ, ಕುಡಿದಿದ್ದರೆ ಕುಡಿದಿದ್ದರು ಎಂದು ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಾಗಿ.

ಹಂತ 3: ವೈದ್ಯಕೀಯ ದಾಖಲೆಯಲ್ಲಿ ಸ್ಥಿತಿಯನ್ನು ಗುರುತಿಸಿ

ಒಮ್ಮೆ ಕುಡಿದದ್ದು, ಆ ಹೊತ್ತಿಗೆ ಅಮಲಿನಲ್ಲಿದ್ದದ್ದು, ಆರೋಗ್ಯಕ್ಕೆ ಹಾನಿ ತರುವಂತೆ ಬಳಸುತ್ತಿರುವುದು, ಅವಲಂಬನೆ ಉಂಟಾಗಿರುವುದು, ಅವಲಂಬನೆಯಿಂದ ಚೇತರಿಸಿಕೊಳ್ಳುತ್ತಿರುವುದು: ಇವು ಐದು ಬೇರೆ ಬೇರೆ ಸ್ಥಿತಿಗಳು. ಕರಡುಗಳಲ್ಲಿ ಐದಕ್ಕೂ ‘ವ್ಯಸನಿ’ ಎಂಬ ಒಂದೇ ಪದ ಬೀಳುತ್ತದೆ.

ಅಮಲಿನ ಸಂಗತಿ ಸುಲಭ. ಮೋಟಾರು ವಾಹನ ಕಾಯ್ದೆಯ ಕಲಂ 185 ನೋಡುವುದು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇತ್ತೇ ಎಂಬುದನ್ನು ಮಾತ್ರ. ಆ ಅಂಕಿ ಆ ಹೊತ್ತಿನ ಸ್ಥಿತಿಯನ್ನು ಹೇಳುತ್ತದೆ. ಅದನ್ನು ಹಿಡಿದು ಆ ಚಾಲಕರಿಗೆ ವ್ಯಸನವಿದೆ ಎಂದು ಬರೆಯುವುದಕ್ಕೆ ಯಾವ ಆಧಾರವೂ ಇಲ್ಲ.

ಅವಲಂಬನೆಯನ್ನು ಹೇಳಬೇಕಾದವರು ವೈದ್ಯರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಇದಕ್ಕೆ ಆರು ಲಕ್ಷಣಗಳಿವೆ. ಹಿಂದಿನ ಒಂದು ವರ್ಷದಲ್ಲಿ ಅವುಗಳಲ್ಲಿ ಮೂರಾದರೂ ಒಟ್ಟಿಗೆ ಕಂಡಿರಬೇಕು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ಮದ್ಯ ಮತ್ತು ಮಾದಕ ವಸ್ತುವಿಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿದೆ, ಮತ್ತು ಅದನ್ನು ಒಪ್ಪಿತ ವೈದ್ಯಕೀಯ ಮಾನದಂಡಗಳ ಪ್ರಕಾರವೇ ನಿರ್ಣಯಿಸಬೇಕು ಎಂದು ಕಲಂ 3ರಲ್ಲಿ ಹೇಳಿದೆ. ಹೆಂಡತಿಯಾಗಲಿ ನೆರೆಯವರಾಗಲಿ ತಾವು ಕಂಡದ್ದನ್ನು ಪ್ರಮಾಣಪತ್ರದಲ್ಲಿ ಹೇಳಬಹುದು: ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿತ್ತು, ಕುಡಿದ ಮೇಲೆ ನಡುಕ ನಿಲ್ಲುತ್ತಿತ್ತು, ಹೀಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 19, ನಿಯಮ 3 ಕೇಳುವುದೂ ಸ್ವಂತ ಅರಿವಿನ ಸಂಗತಿಗಳನ್ನೇ. ರೋಗದ ಹೆಸರು ತಜ್ಞರಿಗೆ ಬಿಟ್ಟದ್ದು.

ಈಗ ಬಿಡುಗಡೆ ಪತ್ರವನ್ನು ಕೈಗೆತ್ತಿಕೊಳ್ಳಿ. ರೋಗನಿರ್ಣಯದ ಸಾಲಿನಲ್ಲಿ ‘ಎ.ಡಿ.ಎಸ್.’ ಎಂದಿದ್ದರೆ ಅದು ಮದ್ಯ ಅವಲಂಬನೆಯ ಲಕ್ಷಣಕೂಟ. ಪಕ್ಕದಲ್ಲಿ ಆ ಹತ್ತನೆಯ ಆವೃತ್ತಿಯ ‘ಎಫ್ 10.2’ ಎಂಬಂಥ ಸಂಕೇತ ಇರುತ್ತದೆ. ಎಫ್ 10 ಎಂದರೆ ಮದ್ಯ, ಎಫ್ 11 ಅಫೀಮು ವರ್ಗದವು, ಎಫ್ 12 ಗಾಂಜಾ ವರ್ಗದವು. ಚುಕ್ಕಿಯ ನಂತರದ ಅಂಕಿ 0 ಇದ್ದರೆ ಅಮಲು, 1 ಇದ್ದರೆ ಹಾನಿಕರ ಬಳಕೆ, 2 ಇದ್ದರೆ ಅವಲಂಬನೆ. ಅದರ ಮುಂದೆ ಮತ್ತೊಂದು ಅಂಕಿ ಇದ್ದರೆ ಅದನ್ನು ಎಂದೂ ಬಿಡಬೇಡಿ. 10.20 ಎಂದರೆ ಈಗ ಬಳಕೆ ನಿಲ್ಲಿಸಿದ್ದಾರೆ, 10.24 ಎಂದರೆ ಈಗಲೂ ಬಳಸುತ್ತಿದ್ದಾರೆ. ಕುಡಿಯುವುದನ್ನು ನಿಲ್ಲಿಸಿದವರ ಬಗ್ಗೆ ಅದೇ ದಾಖಲೆಯನ್ನು ಲಗತ್ತಿಸಿ ‘ಕುಡಿತಕ್ಕೆ ದಾಸರಾಗಿರುತ್ತಾರೆ’ ಎಂದು ವರ್ತಮಾನ ಕಾಲದಲ್ಲಿ ಬರೆದರೆ ಅದು ಅಗೌರವವಷ್ಟೇ ಅಲ್ಲ, ಸುಳ್ಳು ಹೇಳಿಕೆ. ಪಾಟೀಸವಾಲಿನಲ್ಲಿ ಮೊದಲು ಬೀಳುವುದು ಆ ವಾಕ್ಯವೇ. ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ, ಅದರಲ್ಲಿ ಮದ್ಯದ ಸಂಕೇತ 6ಸಿ40ರಿಂದ ಶುರುವಾಗುತ್ತದೆ. ಎರಡೂ ಬಗೆಯ ದಾಖಲೆಗಳು ನಿಮ್ಮ ಕೈಗೆ ಬರಬಹುದು.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಕಲಂ 3ರಲ್ಲೇ ಇನ್ನೊಂದು ಮಾತಿದೆ: ಹಿಂದೆ ಚಿಕಿತ್ಸೆ ಪಡೆದಿದ್ದರು ಅಥವಾ ದಾಖಲಾಗಿದ್ದರು ಎಂಬುದೊಂದೇ ಈಗಿನ ಅಸ್ವಸ್ಥತೆಯನ್ನು ನಿರ್ಣಯಿಸಲು ಸಾಕಾಗುವುದಿಲ್ಲ. ಹಳೆಯ ಬಿಡುಗಡೆ ಪತ್ರ ಹಳೆಯ ಕಾಲದ ಸಾಕ್ಷ್ಯ ಎಂದು ನೆನಪಿಡಿ.

ಹಂತ 4: ಈಗ ಪದ ಆರಿಸಿ

ಕನ್ನಡದಲ್ಲಿ ವಿಶೇಷಣ ಹೇಗೂ ಮುಂದೆ ಬರುತ್ತದೆ. ಆದ್ದರಿಂದ ‘ವ್ಯಕ್ತಿ’ ಎಂಬ ಪದ ವಾಕ್ಯದಲ್ಲಿ ಮೊದಲು ಇರಬೇಕೆಂಬ ಹಟ ಬೇಡ. ನಾಮಪದದ ಜಾಗದಲ್ಲಿ ಮನುಷ್ಯ ಉಳಿಯಬೇಕು, ವ್ಯಸನ ಅವರಿಗೆ ಇರುವ ಒಂದು ಸ್ಥಿತಿಯಾಗಿ ಕಾಣಬೇಕು. ‘ಮದ್ಯ ಅವಲಂಬನೆ ಇರುವ ವ್ಯಕ್ತಿ’, ‘ಮಾದಕ ವಸ್ತು ಬಳಸುವ ವ್ಯಕ್ತಿ’, ‘ಮದ್ಯ ವ್ಯಸನಕ್ಕೆ ಚಿಕಿತ್ಸೆ ಪಡೆಯುತ್ತಿರುವ ವ್ಯಕ್ತಿ’, ‘ಚೇತರಿಕೆಯಲ್ಲಿರುವ ವ್ಯಕ್ತಿ’ ಇವು ಸರಿಯಾದ ರೂಪಗಳು. ‘ಕುಡುಕ’, ‘ವ್ಯಸನಿ’, ‘ಚಟಗಾರ’, ‘ಗಾಂಜಾ ಗಿರಾಕಿ’ ಇವುಗಳಲ್ಲಿ ಮನುಷ್ಯ ಕಳೆದುಹೋಗಿ ಚಟ ಮಾತ್ರ ಉಳಿದಿದೆ. ವ್ಯಸನ ಎಂಬ ಸ್ಥಿತಿಯ ಹೆಸರನ್ನು ಬಳಸಲು ಅಡ್ಡಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ವ್ಯಸನಿ ಎಂದು ವ್ಯಕ್ತಿಯನ್ನು ಕರೆಯುವುದು ಬೇಡ. ‘ದುಶ್ಚಟ’ ಎಂಬುದರಲ್ಲಿ ವಿಚಾರಣೆಗೆ ಮುಂಚೆಯೇ ತೀರ್ಪು ಅಡಗಿದೆ, ಅದನ್ನು ಬಿಡಿ.

ಮರುಕದ ಪದಗಳೂ ಅಷ್ಟೇ ತೊಂದರೆಯವು. ‘ಕುಡಿತಕ್ಕೆ ಬಲಿಯಾದ’, ‘ವ್ಯಸನದ ಕೂಪದಲ್ಲಿ ಬಿದ್ದ’, ‘ಮಾದಕ ಪೀಡಿತ’ ಎಂದು ಬರೆಯುವವರಿಗೆ ತಾವು ಕರುಣೆ ತೋರುತ್ತಿದ್ದೇವೆ ಎನಿಸುತ್ತದೆ. ಆದರೆ ಚಿಕಿತ್ಸೆಗೆ ತಾನೇ ಹೋಗಿ ಸೇರಿದ ಮನುಷ್ಯನನ್ನು ಅದು ಏನೂ ಮಾಡಲಾಗದವನನ್ನಾಗಿ ತೋರಿಸುತ್ತದೆ. ಸ್ವಇಚ್ಛೆಯ ಚಿಕಿತ್ಸೆಯನ್ನು ಆಧರಿಸಿ ನ್ಯಾಯಾಲಯದಲ್ಲಿ ಅನುಕೂಲ ಕೇಳುತ್ತಿರುವಾಗ ಈ ಚಿತ್ರ ನಿಮ್ಮ ಕಕ್ಷಿದಾರರಿಗೇ ತಿರುಗೇಟು.

ಒಂದು ಸಾಮಾನ್ಯ ತಪ್ಪು: ಸರಿಯಾದ ರೂಪವನ್ನು ಕಂಡುಕೊಂಡ ಮೇಲೆ ಅದನ್ನು ಪ್ರತಿ ವಾಕ್ಯದಲ್ಲೂ ಹಾಕುವುದು. ‘ಮದ್ಯ ಅವಲಂಬನೆ ಇರುವ ವ್ಯಕ್ತಿಯಾದ ಎದುರುದಾರರು’ ಎಂಬುದು ಹದಿನೈದು ಸಲ ಬಂದರೆ ಅದೂ ಹಣೆಪಟ್ಟಿಯಾಗುತ್ತದೆ. ಸ್ಥಿತಿಯನ್ನು ಒಮ್ಮೆ, ದಾಖಲೆಯ ಸಂಖ್ಯೆಯೊಂದಿಗೆ ಹೇಳಿ. ಆಮೇಲೆ ಅವರು ಅರ್ಜಿದಾರರು, ಎದುರುದಾರರು, ತಂದೆ, ನೌಕರರು, ಸಾಕ್ಷಿ: ಆ ಪ್ರಕರಣದಲ್ಲಿ ಅವರಿಗೆ ಯಾವ ಸ್ಥಾನವಿದೆಯೋ ಅದು.

ಸಂಸ್ಥೆಗಳ ಹೆಸರನ್ನು ಮುಟ್ಟಬೇಡಿ. ಫಲಕದ ಮೇಲೆ ‘ದುಶ್ಚಟಮುಕ್ತ ಕೇಂದ್ರ’ ಎಂದಿದ್ದರೆ ಅರ್ಜಿಯಲ್ಲೂ ಹಾಗೆಯೇ ಇರಬೇಕು.

ಹಂತ 5: ಏಕವಚನ, ಬಹುವಚನ ಮತ್ತು ‘ಆಸಾಮಿ’

ನಾಮಪದ ತಿದ್ದಿದ ಎಷ್ಟೋ ಕರಡುಗಳಲ್ಲಿ ಅಗೌರವ ಕ್ರಿಯಾಪದದಲ್ಲಿ ಉಳಿದಿರುತ್ತದೆ. ‘ಅರ್ಜಿದಾರರು ತಿಳಿಸಿದರು’, ‘ಎದುರುದಾರನು ಬಂದನು’. ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ. ಹೆಂಗಸರ ವಿಷಯದಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ: ಗಂಡ ‘ಅರ್ಜಿದಾರರು’, ಹೆಂಡತಿ ‘ಎದುರುದಾರಳು’, ಆಕೆಗೆ ಮದ್ಯ ಅವಲಂಬನೆ ಇದ್ದರಂತೂ ‘ಅವಳು’ ಬಿಟ್ಟರೆ ಬೇರೆ ಸರ್ವನಾಮವೇ ಇರುವುದಿಲ್ಲ. ಎರಡೂ ಪಕ್ಷಕ್ಕೆ ಒಂದೇ ರೂಪ ಬಳಸಿ.

ಠಾಣೆಯ ಬರವಣಿಗೆಯಲ್ಲಿ ‘ಸದರಿ ಆಸಾಮಿಯು ಕುಡಿದ ಅಮಲಿನಲ್ಲಿ ತೂರಾಡುತ್ತಾ’ ಎಂಬ ವಾಕ್ಯ ಅಚ್ಚು ಹೊಡೆದಂತೆ ಬರುತ್ತದೆ. ‘ಆಸಾಮಿ’ಯ ಬದಲು ‘ವ್ಯಕ್ತಿ’ ಎಂದು ಬರೆಯಿರಿ. ‘ತೂರಾಡುತ್ತಾ’ ಎಂಬುದು ನಿಜವಾಗಿ ಕಂಡದ್ದಾದರೆ ಇರಲಿ, ಏಕೆಂದರೆ ಅದು ಸಂಗತಿ. ಕಾಣದೆ ರೂಢಿಯಿಂದ ಬರೆದದ್ದಾದರೆ ತೆಗೆಯಿರಿ.

‘ಹೊಡೆಸಿಕೊಂಡವಳು ನಾನು, ಅವನಿಗೇಕೆ ಬಹುವಚನ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅವರ ಹೇಳಿಕೆ ಅವರದು. ಅವರು ಮ್ಯಾಜಿಸ್ಟ್ರೇಟರ ಮುಂದೆ ಏಕವಚನದಲ್ಲಿ ಹೇಳಿದರೆ ಅದು ಹಾಗೆಯೇ ದಾಖಲಾಗಬೇಕು, ಅವರ ಬಾಯಿಗೆ ಬಹುವಚನ ತುರುಕುವುದು ಅವರಿಗೆ ಮಾಡುವ ಅಪಚಾರ. ಅರ್ಜಿಯ ಸ್ವರ ಮಾತ್ರ ಬರೆಯುವವರದು. ಅಲ್ಲಿ ಬಹುವಚನ ಇಟ್ಟರೆ ಹಿಂಸೆಯ ಒಂದು ಅಕ್ಷರವೂ ಕಡಿಮೆಯಾಗುವುದಿಲ್ಲ ಎಂಬುದನ್ನು ತಿದ್ದಿದ ಪ್ಯಾರಾ ತೋರಿಸಿಯೇ ಅವರಿಗೆ ವಿವರಿಸಿ.

ಹಂತ 6: ಕಾಯ್ದೆಯ ಪದವನ್ನೂ ಸಾಕ್ಷಿಯ ಮಾತನ್ನೂ ಇದ್ದ ಹಾಗೆಯೇ ಇಡಿ

ಮಾದಕ ಔಷಧಗಳು ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ, 1985ರಲ್ಲಿ ‘ಅಡಿಕ್ಟ್’ ಎಂಬ ಪದವೇ ಇದೆ. ನಮ್ಮ ಕರಡುಗಳಲ್ಲಿ ಅದು ‘ವ್ಯಸನಿ’ ಆಗುತ್ತದೆ. ಇದನ್ನು ಅಳಿಸಿ ಬೇರೆ ಪದ ಹಾಕಿದರೆ ನೀವು ಆಧರಿಸುತ್ತಿರುವ ಕಲಂ ಯಾವುದು ಎಂಬುದೇ ಗೊಂದಲವಾಗುತ್ತದೆ. ದಾರಿ ಆ ಕಾಯ್ದೆಯ ಒಳಗೇ ಇದೆ. ಕಲಂ 2(ಎ) ಆ ಪದವನ್ನು ವಿವರಿಸುವುದು ‘ಮಾದಕ ಔಷಧ ಅಥವಾ ಮನೋಪರಿಣಾಮಕ ವಸ್ತುವಿನ ಮೇಲೆ ಅವಲಂಬನೆ ಹೊಂದಿರುವ ವ್ಯಕ್ತಿ’ ಎಂದು. ಶಾಸನದ ಪದವನ್ನು ಉದ್ಧರಣ ಚಿಹ್ನೆಯೊಳಗೆ ಒಮ್ಮೆ ಕೊಟ್ಟು, ಮುಂದೆಲ್ಲ ವ್ಯಾಖ್ಯೆಯ ಮಾತನ್ನೇ ಬಳಸಿ:

‘ಅರ್ಜಿದಾರರು ಕಾಯ್ದೆಯ ಕಲಂ 2(ಎ)ರಲ್ಲಿ ಹೇಳಿರುವ “ಅಡಿಕ್ಟ್” ಪದದ ಅರ್ಥವ್ಯಾಪ್ತಿಗೆ ಬರುತ್ತಾರೆ, ಅಂದರೆ ಅವರು ಮಾದಕ ಔಷಧದ ಮೇಲೆ ಅವಲಂಬನೆ ಹೊಂದಿರುವ ವ್ಯಕ್ತಿ (ದಾಖಲೆ 2). ಅವರು ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುತ್ತಿದ್ದಾರೆ (ದಾಖಲೆ 3).’

ಇಲ್ಲಿ ಪದದ ಜತೆ ಹಕ್ಕೂ ಅಡಗಿದೆ. ಕಲಂ 27ರ ಅಡಿಯ ಸೇವನೆಯ ಅಪರಾಧ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿಗೆ ಸಂಬಂಧಿಸಿದ ಅಪರಾಧ ಎದುರಿಸುತ್ತಿರುವ ಇಂಥ ವ್ಯಕ್ತಿ ತಾನಾಗಿ ಚಿಕಿತ್ಸೆ ಕೋರಿ, ಅದನ್ನು ಪಡೆದರೆ, ಕಲಂ 64ಎ ಪ್ರಕಾರ ಆ ಅಪರಾಧಗಳಿಗೆ ಪ್ರಾಸಿಕ್ಯೂಷನ್‌ನಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ವಿನಾಯಿತಿಯನ್ನು ಹಿಂಪಡೆಯಬಹುದು. ತಪ್ಪಿತಸ್ಥರೆಂದು ತೀರ್ಮಾನವಾದ ಮೇಲೂ ಕಲಂ 39ರ ಅಡಿ, ಅವರ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಬಿಡುಗಡೆ ಮಾಡಲು ಅವಕಾಶವಿದೆ. ಚಿಕಿತ್ಸೆಯ ಫಲಿತಾಂಶದ ವರದಿಯನ್ನು ಒಂದು ವರ್ಷ ಮೀರದ ಅವಧಿಯೊಳಗೆ ಸಲ್ಲಿಸಬೇಕು. ಗೌರವದ ನೆಪದಲ್ಲಿ ಅವಲಂಬನೆಯ ಸಂಗತಿಯನ್ನೇ ಮುಚ್ಚಿಟ್ಟರೆ ಈ ಎರಡೂ ಬಾಗಿಲು ಮುಚ್ಚುತ್ತವೆ.

ತದ್ವಿರುದ್ಧ ಅಪಾಯವೂ ಇದೆ. ಕನಿಕರ ಗಿಟ್ಟಿಸಲೆಂದು ಜಾಮೀನು ಅರ್ಜಿಯಲ್ಲಿ ‘ಅರ್ಜಿದಾರನು ಗಾಂಜಾ ವ್ಯಸನಿಯಾಗಿದ್ದು’ ಎಂದು ಬರೆದವರು ಸೇವನೆಯನ್ನು ಒಪ್ಪಿಕೊಂಡಂತೆ ಆಗುತ್ತದೆ. ವೈದ್ಯಕೀಯ ದಾಖಲೆಯೂ ಇಲ್ಲ, ಕಲಂ 64ಎ ಪ್ರಾರ್ಥನೆಯೂ ಇಲ್ಲ, ಒಪ್ಪಿಗೆ ಮಾತ್ರ ಉಳಿಯಿತು. ಕಕ್ಷಿದಾರರಿಗೆ ಇದರ ಪರಿಣಾಮ ವಿವರಿಸಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಆ ಸಾಲು ಬರೆಯಿರಿ.

ಸಾಕ್ಷಿ ‘ಆತ ಕುಡುಕ’ ಎಂದು ಹೇಳಿದ್ದರೆ ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಉದ್ಧರಣ ಚಿಹ್ನೆಯೊಳಗೆ ಹಾಕಿ, ಯಾರು ಹೇಳಿದ್ದು ಎಂದು ನಮೂದಿಸಿ, ಒಮ್ಮೆ ಬಳಸಿ. ವಾದದ ಭಾಗದಲ್ಲಿ ನಿಮ್ಮ ಪದಕ್ಕೆ ಮರಳಿ. ‘ನಾನು ಒಬ್ಬ ಆಲ್ಕೊಹಾಲಿಕ್’ ಎಂದು ತಮ್ಮನ್ನು ತಾವೇ ಕರೆದುಕೊಳ್ಳುವವರ ವಿಷಯದಲ್ಲೂ ಕ್ರಮ ಇದೇ. ತಮ್ಮ ಬಗ್ಗೆ ಆ ಮಾತು ಆಡುವ ಹಕ್ಕು ಅವರಿಗಿದೆ, ಆದರೆ ಅವರ ಬಗ್ಗೆ ಅದನ್ನು ಬರೆಯುವ ಪರವಾನಗಿ ಅದರಿಂದ ನಿಮಗೆ ಬರುವುದಿಲ್ಲ.

ಹಂತ 7: ಚಿಕಿತ್ಸೆ, ಪರೀಕ್ಷೆ, ಮರುಕಳಿಕೆ

‘ಹಳೇ ಚಾಳಿ ಮುಂದುವರಿಸಿದ’ ಎಂಬುದರ ಬದಲು ‘ಇಂಥ ತಿಂಗಳಿನಿಂದ ಮತ್ತೆ ಮದ್ಯ ಸೇವನೆ ಆರಂಭವಾಗಿದೆ’ ಎಂದು ಬರೆಯಿರಿ. ‘ಚಿಕಿತ್ಸೆಯಿಂದ ಓಡಿಹೋದ’ ಎಂಬುದರ ಬದಲು ದಾಖಲೆಯಲ್ಲಿ ಇರುವಂತೆ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ ಪಡೆದರು’ ಎಂದು ಬರೆದು ತಾರೀಖನ್ನೂ ಕೊಡಿ; ಕಾರಣ ಗೊತ್ತಿದ್ದರೆ ಅದನ್ನೂ ಸೇರಿಸಿ. ಕೂಲಿ ತಪ್ಪುತ್ತದೆಂದು ಹೊರಟವರಿಗೂ ಚಿಕಿತ್ಸೆಯೇ ಬೇಡವೆಂದು ಹೊರಟವರಿಗೂ ವ್ಯತ್ಯಾಸವಿದೆ. ಕಲಂ 64ಎ ಪ್ರಕರಣಗಳಲ್ಲಿ ಈ ವ್ಯತ್ಯಾಸ ನ್ಯಾಯಾಧೀಶರ ಮನಸ್ಸಿನಲ್ಲಿ ಬಹಳ ತೂಗುತ್ತದೆ.

ಮೂತ್ರ ಪರೀಕ್ಷೆಯ ಬಗ್ಗೆ ‘ಸಿಕ್ಕಿಬಿದ್ದ’, ‘ಫೇಲಾದ’ ಎಂದು ಬರೆಯಬೇಡಿ. ಇಂಥ ವಸ್ತುವಿನ ಅಂಶ ಕಂಡುಬಂದಿದೆ ಅಥವಾ ಕಂಡುಬಂದಿಲ್ಲ, ಅಷ್ಟೇ. ವರದಿಯಲ್ಲಿ ಬ್ಯುಪ್ರೆನಾರ್ಫಿನ್ ಕಂಡುಬಂದಿದ್ದರೆ ಚಿಕಿತ್ಸೆಯ ಚೀಟಿಯನ್ನು ತೆರೆದು ನೋಡಿ. ಅದು ಅಫೀಮು ವರ್ಗದ ಅವಲಂಬನೆಗೆ ವೈದ್ಯರೇ ಕೊಡುವ ಔಷಧ. ‘ಒಂದು ಚಟ ಬಿಟ್ಟು ಇನ್ನೊಂದು ಹಿಡಿದ’ ಎಂದು ವಾದಿಸುವವರಿಗೆ ಆ ಚೀಟಿಯೇ ಉತ್ತರ.

ಹಂತ 8: ಮಕ್ಕಳು

ಬಾಲನ್ಯಾಯ ಕಾಯ್ದೆ, 2015ರ ಕಲಂ 3ರಲ್ಲಿ ಕಳಂಕ ಹಚ್ಚದ ಪದಬಳಕೆ ಒಂದು ತತ್ವವಾಗಿಯೇ ಇದೆ. ಮಗುವಿಗೆ ಸಂಬಂಧಿಸಿದ ಪ್ರಕ್ರಿಯೆಯಲ್ಲಿ ಆಪಾದನೆಯ ಪದಗಳನ್ನು ಬಳಸಬಾರದು ಎಂದು ಅದು ಹೇಳುತ್ತದೆ. ಹಾಗಾಗಿ ಮಕ್ಕಳ ವಿಷಯದಲ್ಲಿ ಇದು ಸೌಜನ್ಯದ ಮಾತಲ್ಲ, ಶಾಸನದ ಮಾತು. ‘ಸೊಲ್ಯೂಷನ್ ಹುಡುಗ’ (ಅಂಟಿನ ದ್ರಾವಣ ಮೂಸುವವನು ಎಂಬ ಅರ್ಥದಲ್ಲಿ), ‘ಕುಡುಕನ ಮಗ’ ಎಂಬಂಥವು ವರದಿಯಲ್ಲಿ ಕಂಡರೆ ಬಾಲನ್ಯಾಯ ಮಂಡಳಿ ಅಥವಾ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಈ ಕಲಮನ್ನೇ ತೋರಿಸಿ. ತಾಯಿ ಗರ್ಭಿಣಿಯಾಗಿದ್ದಾಗ ಬಳಸಿದ ವಸ್ತುವಿನಿಂದ ನವಜಾತ ಶಿಶುವಿಗೆ ಹಿಂತೆಗೆತದ ಲಕ್ಷಣಗಳು, ಅಂದರೆ ಆ ವಸ್ತು ಸಿಗುವುದು ನಿಂತಾಗ ದೇಹದಲ್ಲಿ ಕಾಣುವ ತೊಂದರೆಗಳು, ಬರಬಹುದು. ಅದನ್ನು ‘ವ್ಯಸನಿ ಮಗು’ ಎನ್ನುವುದು ವೈದ್ಯಕೀಯವಾಗಿಯೂ ತಪ್ಪು.

ಹಂತ 9: ಸಲ್ಲಿಸುವ ಮುನ್ನ

ಕರಡನ್ನು ಮುದ್ರಿಸಿ, ಯಾರ ಬಗ್ಗೆ ಬರೆದಿದ್ದೀರೋ ಅವರು ಎದುರು ಕೂತಿದ್ದಾರೆ ಎಂದುಕೊಂಡು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಗುರುತು ಹಾಕಿ. ಅದು ಸಂಗತಿಯಾಗಿದ್ದರೆ ಉಳಿಸಿ, ವರ್ಣನೆಯಾಗಿದ್ದರೆ ತೆಗೆಯಿರಿ.

ಅಪಾಯದ ಸೂಚನೆಗಳು ಇವು: ‘ಸದಾ’, ‘ಯಾವಾಗಲೂ’, ‘ಮಹಾ’ ಎಂಬ ಪದಗಳು, ಹತ್ತು ಸಾಲಿನಲ್ಲಿ ಒಂದೂ ತಾರೀಖಿಲ್ಲದಿರುವುದು, ರೋಗದ ಹೆಸರಿದ್ದು ದಾಖಲೆಯ ಸಂಖ್ಯೆ ಇಲ್ಲದಿರುವುದು, ಹಳೆಯ ಸ್ಥಿತಿಯನ್ನು ಈಗಿನ ಕಾಲದಲ್ಲಿ ಹೇಳಿರುವುದು, ಬೇರೆ ಪ್ರಕರಣದ ಅರ್ಜಿಯಿಂದ ನಕಲು ಮಾಡಿದ ಪ್ಯಾರಾ. ಕೊನೆಯದು ಬಹಳ ಸಾಮಾನ್ಯ. ಗಂಡ ಎಂದೂ ಮದ್ಯ ಮುಟ್ಟದ ಪ್ರಕರಣದಲ್ಲೂ ‘ದುಶ್ಚಟಗಳ ದಾಸ’ ಎಂಬ ಸಾಲು ಉಳಿದುಹೋಗುವುದು ಹೀಗೆ.

ಲಗತ್ತುಗಳನ್ನೂ ನೋಡಿ. ಇಡೀ ಆಸ್ಪತ್ರೆ ಕಡತವನ್ನು ಹಾಕುವ ಅಗತ್ಯ ವಿರಳ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಕಲಂ 23 ಆ ಮಾಹಿತಿಯ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ, ಕಲಂ 24 ಚಿಕಿತ್ಸೆಯಲ್ಲಿರುವವರ ಫೋಟೊ ಅಥವಾ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ತಡೆದಿದೆ. ಬೇಕಾದ ಪುಟಗಳನ್ನು ಮಾತ್ರ, ಸಾಧ್ಯವಾದರೆ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಲು ಅನುಮತಿ ಕೇಳಿ.

ಹಂತ 10: ಎದುರು ಪಕ್ಷ ಮತ್ತು ಆದೇಶದ ಪದಗಳು

ಎದುರು ವಕೀಲರು ಪಾಟೀಸವಾಲಿನಲ್ಲಿ ‘ನೀನು ಕುಡುಕ ಅಲ್ಲವೇ?’ ಎಂದು ಕೇಳಿದರೆ ಪದದ ಮೇಲೆ ಜಗಳಕ್ಕೆ ನಿಲ್ಲಬೇಡಿ. ‘ಯಾವ ದಿನದ, ಯಾವ ಘಟನೆಯ ಬಗ್ಗೆ ಕೇಳುತ್ತಿದ್ದಾರೆಂದು ಸ್ಪಷ್ಟಪಡಿಸಲಿ’ ಎಂದು ಆಕ್ಷೇಪಿಸಿ. ಹೆಚ್ಚಿನ ನ್ಯಾಯಾಧೀಶರು ಇದನ್ನು ಒಪ್ಪುತ್ತಾರೆ, ಏಕೆಂದರೆ ದಾಖಲಿಸಲು ಅವರಿಗೂ ಸಂಗತಿಯೇ ಬೇಕು.

ಆದೇಶದಲ್ಲಿ ಹಣೆಪಟ್ಟಿ ಬರದಂತೆ ತಡೆಯುವ ಹೊತ್ತು ಆದೇಶಕ್ಕೆ ಮುಂಚೆ. ಸಹಿಯಾದ ತೀರ್ಪನ್ನು ಅದೇ ನ್ಯಾಯಾಲಯ ತಿದ್ದಬಹುದಾದದ್ದು ಸಾಮಾನ್ಯವಾಗಿ ಬರಹದ ಅಥವಾ ಲೆಕ್ಕದ ಕೈತಪ್ಪುಗಳಿದ್ದರಷ್ಟೇ. ಸಿವಿಲ್ ಪ್ರಕರಣಗಳಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 152, ಕ್ರಿಮಿನಲ್ ಪ್ರಕರಣಗಳಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 403 ಈ ಮಿತಿ ಹಾಕಿವೆ. ಆಮೇಲೆ ಆ ಮಾತನ್ನು ತೆಗೆಸಬೇಕೆಂದರೆ ಮೇಲಿನ ನ್ಯಾಯಾಲಯಕ್ಕೆ ಹೋಗಬೇಕು. ಆದ್ದರಿಂದ ಲಿಖಿತ ವಾದದ ಕೊನೆಗೆ ಎರಡು ಸಾಲು ಸೇರಿಸಿ: ಅರ್ಜಿದಾರರ ವೈದ್ಯಕೀಯ ಸ್ಥಿತಿಯನ್ನು ದಾಖಲೆ 2ರಲ್ಲಿರುವಂತೆ ‘ಮದ್ಯ ಅವಲಂಬನೆ, ಪ್ರಸ್ತುತ ಬಳಕೆ ನಿಲ್ಲಿಸಿದ್ದಾರೆ’ ಎಂದು ಆದೇಶದಲ್ಲಿ ನಮೂದಿಸಬೇಕೆಂದು ಕೋರಲಾಗಿದೆ. ತೀರ್ಪು ಬರೆಯುವವರ ಮೇಜಿನ ಮೇಲೆ ಸಿದ್ಧವಾದ ಸರಿಯಾದ ವಾಕ್ಯವೊಂದು ಇದ್ದರೆ ಅವರು ಅದನ್ನೇ ಎತ್ತಿಕೊಳ್ಳುವ ಸಾಧ್ಯತೆ ಹೆಚ್ಚು.